ಉಬ್ಬರದಲ್ಲಿ ಬಂದ ಲೋಟಗಳು

2014ರಲ್ಲಿ ನಾನು ಮಂಗಳೂರಿನ ಫಲ್ಗುಣಿ ನದಿಯ ದಡದ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಅಕ್ಟೋಬರಿನ ವಾರ್ಷಿಕ ಹಬ್ಬಕ್ಕೆ ಪ್ಲಾಸ್ಟಿಕ್ ತಟ್ಟೆ, ಪ್ಲಾಸ್ಟಿಕ್ ಲೋಟ ತರಿಸಿದ್ದೆವು. ತೊಳೆಯುವ ತಾಪತ್ರಯವಿಲ್ಲವೆಂದು ಒಪ್ಪಿಗೆಯಿತ್ತವನು ನಾನೇ. ಲೋಟದ ಕೆಂಪು ಬಣ್ಣವನ್ನು ಆರಿಸಿದವನೂ ನಾನೇ. ಊಟವಾದ ಮೇಲೆ ಎಲ್ಲವನ್ನೂ ತೋಡಿನ ಬದಿಯಲ್ಲಿ ರಾಶಿ ಹಾಕಿದರು. ರಾತ್ರಿಯ ಗುಡುಗು ಮಳೆಗೆ ಅದು ಕೊಚ್ಚಿಹೋಯಿತು. ನಿಜ ಹೇಳುವುದಾದರೆ, ನನಗೆ ನೆಮ್ಮದಿಯೇ ಆಯಿತು.

ಮೂರನೆಯ ದಿನ, ನದಿಯಲ್ಲಿ ಮರುವಾಯಿ ಹೆಕ್ಕುವ ವೃದ್ಧೆಯೊಬ್ಬರು ಗುರುನಿವಾಸಕ್ಕೆ ಬಂದರು. ಅವರು ನಮ್ಮ ಸಭೆಯವರಲ್ಲ. ಬುಟ್ಟಿಯಲ್ಲಿ ನಾಲ್ಕು ಹಿಡಿ ಚಿಪ್ಪು. ಅದರ ಮೇಲೆ ಕೆಂಪು ಲೋಟಗಳು.

"ಫಾದರೇ, ಇಳಿತಕ್ಕೆ ಹೋದದ್ದು ಉಬ್ಬರಕ್ಕೆ ಬಂತು. ಕೆಸರಿಗೆ ಕೈ ಹಾಕಿದರೆ ಇದೇ ಸಿಗುವುದು."

ದನಿಯಲ್ಲಿ ಸಿಟ್ಟಿರಲಿಲ್ಲ. ಲೋಟಗಳನ್ನು ಒಂದರೊಳಗೊಂದು ಜೋಡಿಸಿ ಮೆಟ್ಟಿಲ ಮೇಲಿಟ್ಟು ಹೋದರು.

ಗುರುಮಠದಲ್ಲಿ ಸೃಷ್ಟಿಯ ಕುರಿತು ವರ್ಷಗಟ್ಟಲೆ ದೈವಶಾಸ್ತ್ರ ಓದಿದವನು ನಾನು. ಅಳಿವೆಯ ಬಳಿ ನದಿ ದಿನಕ್ಕೆರಡು ಬಾರಿ ಹಿಂದಕ್ಕೂ ಹರಿಯುತ್ತದೆ ಎಂಬುದನ್ನು ಮಾತ್ರ ಆ ತಾಯಿಯಿಂದ ಕಲಿಯಬೇಕಾಯಿತು. ನಾವು ಸಮುದ್ರ ಸೇರಿತೆಂದು ಮರೆತದ್ದು ಕಾಂಡ್ಲಾ ಗಿಡಗಳ ಬೇರಿಗೆ ಸಿಕ್ಕಿಕೊಳ್ಳುತ್ತದೆ, ಬಲೆಗೆ ತೊಡರುತ್ತದೆ, ಬಿಸಿಲಿಗೆ ಒಡೆದು ಕಣವಾಗುತ್ತದೆ. ಮರುವಾಯಿ ನೀರನ್ನು ಸೋಸಿಯೇ ಬದುಕುವ ಜೀವಿ. ಆ ಕಣ ಅದರ ಹೊಟ್ಟೆಗೂ, ಅದನ್ನುಣ್ಣುವವರ ಹೊಟ್ಟೆಗೂ ಸೇರುತ್ತದೆ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ತ್ಯಾಜ್ಯದ ಗುಡ್ಡ ಜರಿದು ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಿದ್ದಾಗ, ಅದರ ಕೊಳಚೆ ಹರಿದು ಸೇರಿದ್ದೂ ಇದೇ ಫಲ್ಗುಣಿಗೆ. ನಗರ ಎಸೆದದ್ದರಿಂದ ಮನೆ ಬಿಟ್ಟವರು ಮಂದಾರದವರು.

ಇಂಥ ತಟ್ಟೆ-ಲೋಟಗಳನ್ನು ನಮ್ಮ ರಾಜ್ಯ 2016ರಲ್ಲಿ, ದೇಶವೇ 2022ರ ಜುಲೈ 1ರಿಂದ ನಿಷೇಧಿಸಿತು. ನಮ್ಮ ಹಬ್ಬದ ವೇಳೆಗೆ ನಿಷೇಧವಿರಲಿಲ್ಲ ಎಂಬ ಸಮಾಧಾನವನ್ನು ನಾನೂ ಹೇಳಿಕೊಂಡಿದ್ದುಂಟು. ಆದರೆ ಆ ಮೆಟ್ಟಿಲನ್ನು ದಾಟುವಾಗಲೆಲ್ಲ ಅದು ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ.

ಮರುವರ್ಷ ಬಾಳೆಲೆ ಹಾಕಿ, ಸ್ಟೀಲ್ ಲೋಟ ತಂದೆವು. ತೊಳೆಯುವವರಾರೆಂಬ ಪ್ರಶ್ನೆ ಬಂದಾಗ ನಾನೂ ತೋಳು ಮಡಚಿದೆ. ಕೆಲವು ಲೋಟಗಳು ಕಾಣೆಯಾದವು; ಲೆಕ್ಕದ ಸಭೆಯಲ್ಲಿ ಆಕ್ಷೇಪವೂ ಬಂತು. ಆ ತಾಯಿಯನ್ನು ಊಟಕ್ಕೆ ಕರೆದಿದ್ದೆ. ಬರಲಿಲ್ಲ, ಆ ಹೊತ್ತಿಗೆ ಇಳಿತವಿತ್ತಂತೆ, ಹೆಕ್ಕಲು ಹೋಗಿದ್ದರು.