ಹಳೆಯ ಕೊಳ, ಹೊಸ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಊರೊಟ್ಟಿನ ಈಜುಕೊಳವನ್ನು ಕಟ್ಟಿ ನೋಡು ಎಂದು ಸೇರಿಸಲಿಲ್ಲ. ಸೇರಿಸಿದ್ದರೆ, ಲಂಡನ್ ನಗರದ ಹ್ಯಾಕ್ನಿ ವಿಭಾಗದವರು ಎಲ್ಲರಿಗಿಂತ ಮೊದಲು ತಲೆದೂಗುತ್ತಿದ್ದರು. ಮನೆ ಕಟ್ಟಿದವನು ಒಂದು ಸಂಸಾರವನ್ನು ಮೆಚ್ಚಿಸಿದರೆ ಸಾಕು. ಕೊಳ ಕಟ್ಟಿದವನು ಊರನ್ನೇ ಮೆಚ್ಚಿಸಬೇಕು. ಮನೆಯ ಖರ್ಚು ಗೃಹಪ್ರವೇಶದೊಡನೆ ಬಹುಮಟ್ಟಿಗೆ ಮುಗಿಯುತ್ತದೆ; ಕೊಳದ ಖರ್ಚು ಬಾಗಿಲು ತೆರೆದ ದಿನದಿಂದ ಮೊದಲಾಗುತ್ತದೆ. ನೀರನ್ನು ಕಾಯಿಸಬೇಕು, ಸೋಸಬೇಕು, ಕ್ಲೋರಿನ್ ಬೆರೆಸಬೇಕು. ಬೆಚ್ಚನೆಯ ತೇವದ ಗಾಳಿಯಾದರೋ ತೊಲೆಯ ಉಕ್ಕನ್ನೂ ಗೋಡೆಯ ಗಾರೆಯನ್ನೂ ಹಗಲಿರುಳು ಮೆಲ್ಲನೆ ತಿನ್ನುತ್ತಲೇ ಇರುತ್ತದೆ.

ಇಷ್ಟಾದರೂ ಆ ನಗರ ಕೊಳಗಳ ಹಂಬಲವನ್ನು ಬಿಟ್ಟಿಲ್ಲ. ಅದಕ್ಕೆ ಕಾರಣ ಹಳೆಯದು. 1846ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ಸ್ನಾನದ ಮನೆಗಳನ್ನೂ ಬಟ್ಟೆ ಒಗೆಯುವ ಮನೆಗಳನ್ನೂ ತೆರಿಗೆಯ ಹಣದಿಂದ ಕಟ್ಟಿಸಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರವನ್ನಿತ್ತಿತು. ಬಚ್ಚಲೇ ಇಲ್ಲದ ಬಿಡಾರಗಳಲ್ಲಿ ಸಾವಿರಾರು ಕೂಲಿಕಾರರು ಬಾಳುತ್ತಿದ್ದ ಕಾಲವದು. 1904ರಲ್ಲಿ ತೆರೆದ ಹ್ಯಾಗರ್‌ಸ್ಟನ್ ಸ್ನಾನಗೃಹದಲ್ಲಿ ಈಜುಕೊಳವೂ, ಬಿಸಿನೀರಿನ ತೊಟ್ಟಿಗಳೂ, ಬಟ್ಟೆ ಒಗೆಯುವ ಮನೆಯೂ ಒಂದೇ ಸೂರಿನಡಿ ಇದ್ದವು. ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಈಜಿ ನಲಿಯುವುದು ಈ ಮೂರನ್ನೂ ಬೇರೆ ಬೇರೆ ಎಂದು ಬಗೆಯದ ಆ ಕಟ್ಟಡ ಒಂದು ಮಾತನ್ನು ಸಾರುತ್ತಿತ್ತು: ಬಡವನ ಮನೆಯಲ್ಲಿ ಇಲ್ಲದ್ದನ್ನು ಊರು ಒದಗಿಸಬೇಕು.

ಕಟ್ಟಿದ್ದನ್ನು ಕಾಪಾಡುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಹ್ಯಾಗರ್‌ಸ್ಟನ್ ಸ್ನಾನಗೃಹ 2000ದಲ್ಲಿ ಮುಚ್ಚಿತು. 1932ರಲ್ಲಿ ತೆರೆದ ಲಂಡನ್ ಫೀಲ್ಡ್ಸ್‌ನ ಬಯಲು ಕೊಳ 1988ರಲ್ಲಿ ಮುಚ್ಚಿ, ಕಳೆ ಬೆಳೆದು ಹಾಳುಬಿದ್ದು, 2006ರಲ್ಲಿ ಮರಳಿ ಜೀವ ತಳೆಯಿತು. ಕ್ಲಿಸ್ಸೋಲ್ಡ್ ಕೇಂದ್ರದ ಕಥೆ ಇನ್ನೂ ಸೋಜಿಗದ್ದು. ಅಂದಾಜಿಗಿಂತ ಹಲವು ಪಟ್ಟು ಹಣವನ್ನು ನುಂಗಿ 2002ರಲ್ಲಿ ತೆರೆದ ಆ ಹೊಚ್ಚ ಹೊಸ ಕಟ್ಟಡ, ದೋಷಗಳ ದೆಸೆಯಿಂದ ಮರುವರ್ಷವೇ ಮುಚ್ಚಿತು. ಮತ್ತೆ ತೆರೆಯಲು 2007 ಬರಬೇಕಾಯಿತು. ಹೀಗೆ ಎರಡು ಬಾರಿ ಬಿಸಿಹಾಲು ಕುಡಿದ ಬೆಕ್ಕು ಮೂರನೆಯ ಬಾರಿ ಮಜ್ಜಿಗೆಯನ್ನೂ ಊದಿ ನೋಡಿದರೆ ತಪ್ಪೇನು?

ಆ ಮೂರನೆಯ ಬಾರಿ ಬಂದದ್ದು ಬ್ರಿಟಾನಿಯಾ ಕೇಂದ್ರದ ರೂಪದಲ್ಲಿ. ಷೋರ್‌ಡಿಚ್ ಉದ್ಯಾನದ ಅಂಚಿನಲ್ಲಿ 1980ರಲ್ಲಿ ಎದ್ದ ಈ ಕೇಂದ್ರದಲ್ಲಿ ಕೃತಕ ಅಲೆಗಳೇಳುವ ಕೊಳವಿತ್ತು, ನೀರಿನ ಜಾರುಬಂಡೆಯಿತ್ತು. ಕಡಲ ತೀರಕ್ಕೆ ಹೋಗಲು ರೈಲಿನ ದುಡ್ಡಿಲ್ಲದ ಮಕ್ಕಳಿಗೆ ಅದೇ ಕಡಲು. ಈಜುಡುಗೆಗೆ ಜೇಬಿಲ್ಲವಷ್ಟೆ, ನೀರಿಗಿಳಿದ ಮೇಲೆ ಗುಮಾಸ್ತನ ಮಗ ಯಾರು, ಗಾಡಿ ಹೊಡೆಯುವವನ ಮಗ ಯಾರು ಎಂದು ಗುರುತಿಸುವವರಾರು?

ಆ ನೆಲಕ್ಕೂ ತನ್ನದೇ ಆದ ನೆನಪುಗಳಿವೆ. ಉದ್ಯಾನವಿರುವೆಡೆ ಒಂದು ಕಾಲದಲ್ಲಿ ಸಾಲುಮನೆಗಳಿದ್ದವು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಮಳೆಗೆ ಅವು ನೆಲಸಮವಾದವು. ಯುದ್ಧ ಮುಗಿದ ಮೇಲೆ ನಿರಾಶ್ರಿತರಿಗಾಗಿ ತಾತ್ಕಾಲಿಕ ಮನೆಗಳು ಬಂದವು. ಅವೂ ಹೋಗಿ ಹುಲ್ಲುಹಾಸು ಬಂತು. ಆದುದರಿಂದ ಅಲ್ಲಿ ಮನೆ ಮೇಲೋ ವಿಹಾರ ಮೇಲೋ ಎಂಬ ಪ್ರಶ್ನೆ ಹೊಸದೇನೂ ಅಲ್ಲ. ನೆಲ ಅದನ್ನು ಹಿಂದೆಯೇ ಕೇಳಿದೆ.

ಕೇಂದ್ರ ತೆರೆದ 1980ರಲ್ಲೇ ಇನ್ನೊಂದು ಘಟನೆಯೂ ನಡೆಯಿತು. ಪುರಸಭೆಯ ಬಾಡಿಗೆ ಮನೆಗಳಲ್ಲಿದ್ದವರು ಆ ಮನೆಗಳನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕನ್ನು ಪಾರ್ಲಿಮೆಂಟು ಕೊಟ್ಟಿತು. ಕೊಂಡವರಿಗೆ ಅದು ವರವೇ ಆಯಿತು. ಆದರೆ ಅಂದಿನಿಂದ ಇಂಗ್ಲೆಂಡಿನಲ್ಲಿ ಸುಮಾರು 20 ಲಕ್ಷ ಮನೆಗಳು ಹೀಗೆ ಕೈಬಿಟ್ಟುಹೋದವು. ಅವುಗಳ ಸ್ಥಾನಕ್ಕೆ ಅಷ್ಟೇ ಹೊಸ ಮನೆಗಳು ಬರಲಿಲ್ಲ. ಬಾಡಿಗೆಯ ಸರದಿಯಲ್ಲಿ ನಿಂತವರ ಸಾಲು ಬೆಳೆಯಿತು. 2010ರ ನಂತರ ಕೇಂದ್ರ ಸರ್ಕಾರದ ಅನುದಾನವೂ ಇಳಿಮುಖವಾಯಿತು. ಒಂದು ಕಡೆ ಸೋರುವ ಕೊಳ, ಇನ್ನೊಂದು ಕಡೆ ಮನೆಯಿಲ್ಲದ ಜನ, ನಡುವೆ ಬರಿದಾದ ಬೊಕ್ಕಸ: ಅತ್ತ ದರಿ, ಇತ್ತ ಪುಲಿ.

ಹ್ಯಾಕ್ನಿ ಕೌನ್ಸಿಲು ಒಂದು ಲೆಕ್ಕವನ್ನು ಹಾಕಿತು. ಹಳೆಯ ಕೇಂದ್ರವನ್ನು ರಿಪೇರಿ ಮಾಡುತ್ತಾ ಹೋಗುವುದಕ್ಕಿಂತ ಪಕ್ಕದಲ್ಲೇ ಹೊಸದನ್ನು ಕಟ್ಟುವುದು; ಒಂದು ಶಾಲೆಯನ್ನೂ ಕಟ್ಟುವುದು; ಆ ಸ್ಥಳದಲ್ಲಿ ಸುಮಾರು 480 ಮನೆಗಳನ್ನೆತ್ತಿ, ಬಹುಪಾಲನ್ನು ಪೇಟೆಯ ಬೆಲೆಗೆ ಮಾರಿ, ಬಂದ ಹಣದಿಂದ ಉಳಿದುದರ ಖರ್ಚನ್ನು ತುಂಬುವುದು. 2021ರಲ್ಲಿ ಹೊಸ ಕೇಂದ್ರ ತೆರೆಯಿತು. ಒಳಗೆ ಈಜುಕೊಳಗಳು, ಮಾಳಿಗೆಯ ಮೇಲೆ ಆಟದ ಅಂಗಳಗಳು.

ಉಳಿದದ್ದು ಒಂದೇ ಪ್ರಶ್ನೆ: ಆ 480ರಲ್ಲಿ ಸಾಮಾನ್ಯರ ಕೈಗೆಟುಕುವ ಮನೆಗಳೆಷ್ಟು? ಸುಮಾರು 80. ಆರರಲ್ಲಿ ಒಂದು! ಸಾರ್ವಜನಿಕ ನೆಲದಲ್ಲಿ ಅರ್ಧದಷ್ಟಾದರೂ ಇಂಥ ಮನೆಗಳಿರಬೇಕೆಂಬ ಗುರಿಯನ್ನು 2021ರ ಲಂಡನ್ ಯೋಜನೆಯೇ ಮುಂದಿಟ್ಟಿದೆ. ಯೋಜನೆಯನ್ನು ವಿರೋಧಿಸಿದವರ ಅಸಮಾಧಾನಕ್ಕೆ ಅರ್ಥವಿಲ್ಲದಿಲ್ಲ. ಒಂದೇ ಕೋಣೆಯಲ್ಲಿ ಇಬ್ಬರು ಮಕ್ಕಳೊಡನೆ ಸರದಿ ಕಾಯುವ ತಾಯಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಮಕ್ಕಳನ್ನು ಹೊಸ ಕೊಳಕ್ಕೆ ಕರೆತಂದಾಗ ಅವಳ ಕಣ್ಣು ನೀರಿನ ಮೇಲಿದ್ದರೂ ಮನಸ್ಸು ಆ ಎತ್ತರದ ಕಿಟಕಿಗಳ ಮೇಲಿರುವುದು ಸಹಜವಲ್ಲವೆ? ‘ಕೈಗೆಟುಕುವ’ ಎಂಬ ಮಾತಾದರೂ ಎಂಥದು? ಪೇಟೆಯ ಬಾಡಿಗೆಯ ನೂರಕ್ಕೆ 80ರವರೆಗಿನ ಬಾಡಿಗೆಯನ್ನೂ ಆ ಹೆಸರಿನಿಂದ ಕರೆಯಲು 2011ರಿಂದ ಅಲ್ಲಿನ ಸರ್ಕಾರದ ನಿಯಮದಲ್ಲಿ ಅವಕಾಶವಿತ್ತು. ಎಟುಕುವುದು ಯಾರ ಕೈಗೆ ಎಂಬುದನ್ನು ಕೇಳದೆ ಆ ಪದವನ್ನು ನಂಬಲಾಗದು.

ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಅದೇ ನಗರದ ಎಲಿಫೆಂಟ್ ಅಂಡ್ ಕ್ಯಾಸಲ್‌ನಲ್ಲಿ ಹಳೆಯ ಕೇಂದ್ರ 2012ರಲ್ಲಿ ಮುಚ್ಚಿತು. ಹೊಸದು ಬಂದುದು 2016ರಲ್ಲಿ. ನಾಲ್ಕು ವರ್ಷವೆಂದರೆ ಆರು ವರ್ಷದ ಮಗು ಹತ್ತು ವರ್ಷದ್ದಾಗುವಷ್ಟು ಕಾಲ. ಅಲ್ಲಿ ಮಾರಿದ ನೆಲದಲ್ಲಿ ಎದ್ದ 37 ಅಂತಸ್ತಿನ ಗೋಪುರದಲ್ಲಿ ಕೈಗೆಟುಕುವ ಮನೆ ಒಂದೂ ಇರಲಿಲ್ಲ. ಅದಕ್ಕೆ ಬದಲಾಗಿ ಕೊಳಕ್ಕೆ ಹಣ ಸಂದಿತು. ಬ್ರಿಟಾನಿಯಾದಲ್ಲಿಯಾದರೋ ಹೊಸ ಬಾಗಿಲು ತೆರೆಯುವವರೆಗೆ ಹಳೆಯ ಬಾಗಿಲನ್ನು ಮುಚ್ಚಲಿಲ್ಲ. ಕೆಲವಾದರೂ ಮನೆಗಳು ಸಾಮಾನ್ಯರ ಪಾಲಿಗೆ ಮೀಸಲಾದವು. ಇದು ಸಣ್ಣ ಗೆಲುವಲ್ಲ.

ಆದರೆ ಹಳೆಯ ಕಟ್ಟಡ ಬಾಳಿದ್ದು ಕೇವಲ 41 ವರ್ಷ ಎಂಬುದನ್ನು ಮರೆಯಬಾರದು. ಹೊಸದೂ ಅಷ್ಟೇ ಬಾಳಿದರೆ 2062ರಲ್ಲಿ ಇದೇ ಚರ್ಚೆ ಮತ್ತೆ ಏಳುತ್ತದೆ. ಆಗ ಮಾರಲು ನೆಲವೆಲ್ಲಿ? ಮಾಳಿಗೆಯ ಮೇಲೂ ಅಂಗಳವಾಗಿದೆ, ಪಕ್ಕದ ನೆಲ ಮನೆಗಳಿಗೆ ಮೀಸಲಾಗಿದೆ, ಉಳಿದಿರುವುದು ಉದ್ಯಾನವೊಂದೇ. ಹೊಲವನ್ನು ಮಾರಿ ಎತ್ತನ್ನು ಕೊಂಡ ರೈತ ಆ ವರ್ಷ ಎತ್ತನ್ನು ಚೆನ್ನಾಗಿ ಸಾಕಿದರೂ ಉಳುವುದೆಲ್ಲಿ ಎಂದು ಒಂದು ದಿನ ಕೇಳಿಕೊಳ್ಳಲೇ ಬೇಕು. ಪ್ರತಿ ವರ್ಷ ಅಷ್ಟಿಷ್ಟು ಹಣವನ್ನು ರಿಪೇರಿಗೆಂದು ತೆಗೆದಿಟ್ಟು, ಸೋರುವ ಸೂರನ್ನು ಸೋರಿದ ವರ್ಷವೇ ಮುಚ್ಚಿಸುವುದು ಮೆರವಣಿಗೆಯ ಕೆಲಸವಲ್ಲ. ಅದಕ್ಕೆ ಉದ್ಘಾಟನೆಯೂ ಇಲ್ಲ, ಶಿಲಾಫಲಕವೂ ಇಲ್ಲ. ಆದರೆ ಈಗ ಅಲ್ಲಿ ಮೊದಲ ಬಾರಿ ನೀರಿಗಿಳಿಯುವ ಮಗು, ತನ್ನ ಮೊಮ್ಮಗುವಿನ ಕೈ ಹಿಡಿದು ಅದೇ ಕೊಳಕ್ಕೆ ಬರುವಂತಾಗಬೇಕಾದರೆ ಆ ಕೆಲಸವೊಂದೇ ದಾರಿ.