ಅಜ್ಜನ ಮಂಚದ ಮೇಲೆ ಮೀನು

ಮೀನಿನ ತೊಟ್ಟಿ ಕೊಳ್ಳುವವರು ಮೀನಿನ ಬಣ್ಣ ನೋಡುತ್ತಾರೆ, ಬಾಲ ನೋಡುತ್ತಾರೆ. ತೊಟ್ಟಿ ಯಾವುದರ ಮೇಲೆ ಕೂರಬೇಕು ಎಂದು ಕೇಳುವವರು ಕಡಿಮೆ. ಐದನೇ ತರಗತಿಯ ನನ್ನ ಮೊಮ್ಮಗನಿಗೆ ಅವನ ಸೋದರಮಾವ ಹುಟ್ಟುಹಬ್ಬಕ್ಕೆ ಗಾಜಿನ ತೊಟ್ಟಿ ಕೊಟ್ಟ. ಅದಕ್ಕೊಂದು ಚೆಂದದ ಸ್ಟ್ಯಾಂಡ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

"ಟೀಪಾಯಿ ಮೇಲಿಡೋಣ ಅಜ್ಜಿ" ಎಂದ.

"ಮೊದಲು ತೂಕದ ಲೆಕ್ಕ ಮಾಡು" ಎಂದೆ.

ಉದ್ದ 60 ಸೆಂ.ಮೀ., ಅಗಲ 30, ಎತ್ತರ 30. ಗುಣಿಸಿ ಸಾವಿರದಿಂದ ಭಾಗಿಸಿದ: 54 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ. ಗಾಜು, ತಳಕ್ಕೆ ಹಾಸುವ ಕಲ್ಲು ಸೇರಿದರೆ 70 ಕಿಲೋ ಹತ್ತಿರ. "ಅಪ್ಪನಷ್ಟು ತೂಕ!" ಎಂದು ಕಣ್ಣರಳಿಸಿದ. ಅಪ್ಪ ಹಗಲೂ ರಾತ್ರಿ ಟೀಪಾಯಿ ಮೇಲೆ ನಿಂತರೆ ಏನಾದೀತು ಎಂದೆ. ಟೀಪಾಯಿಯ ಮಾತು ಅಲ್ಲಿಗೆ ಮುಗಿಯಿತು.

ಶಿವಮೊಗ್ಗದ ಗಾಂಧಿ ಬಜಾರಿನ ಸುತ್ತ ಅಂಗಡಿ ಅಂಗಡಿ ತಿರುಗಿದೆವು. ಹೊಳೆಯುವ ಕಪಾಟಿನಂಥದ್ದು ಒಂದಿತ್ತು, 6,500 ರೂಪಾಯಿ. ಒಳಗೆ ಬರೀ ಮರದ ಪುಡಿ ಒತ್ತಿ ಮಾಡಿದ ಹಲಗೆ. ವಾರವಾರ ನೀರು ಬದಲಿಸುವಾಗ ಒಂದಿಷ್ಟು ಚೆಲ್ಲಿಯೇ ಚೆಲ್ಲುತ್ತದೆ, ಅಂಥ ಹಲಗೆ ನೀರು ಕುಡಿದು ಉಬ್ಬುತ್ತದೆ. ವೆಲ್ಡಿಂಗ್‌ನವನು ಕಬ್ಬಿಣದ್ದನ್ನು 2,000ಕ್ಕೆ ಮಾಡಿಕೊಡುತ್ತೇನೆಂದ. ಗಟ್ಟಿಯೇನೋ ಹೌದು. "ಹಜಾರ ಆಸ್ಪತ್ರೆ ಥರ ಕಾಣುತ್ತೆ ಅತ್ತೆ" ಎಂದಳು ಸೊಸೆ. ನನಗೂ ಹಾಗೇ ಅನ್ನಿಸಿತ್ತು.

ಆಗ ಅಟ್ಟದ ನೆನಪಾಯಿತು. ನಮ್ಮ ಮನೆಯವರು ಕೊನೆಯ ಎರಡು ವರ್ಷ ಮಲಗಿದ್ದ ಹಲಸಿನ ಮಂಚವನ್ನು ಬಿಚ್ಚಿ ಅಲ್ಲಿಟ್ಟಿದ್ದೆವು. ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಅದರಲ್ಲೇ ಮಾಡಿಸೋಣ ಎಂದೆ. "ಅಪ್ಪನ ಮಂಚ ಕೊಯ್ಸೋದಾ ಅಮ್ಮ?" ಎಂದ ಮಗ ಅರ್ಧ ಊಟಕ್ಕೇ ಎದ್ದುಬಿಟ್ಟ. ನಾನು ಒತ್ತಾಯಿಸಲಿಲ್ಲ. ಮಂಚ ನನ್ನದೂ ಹೌದು, ಅವನದೂ ಹೌದು. ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ನಾಲ್ಕು ಕಾಲುಗಳನ್ನೂ ಅವನೇ ಇಳಿಸಿ, ದೂಳು ಒರೆಸಿ ಅಂಗಳದಲ್ಲಿಟ್ಟಿದ್ದ.

ಆಚಾರ್ರು ಬಂದು ಕೀಸಿದಾಗ ಕಪ್ಪಿಟ್ಟಿದ್ದ ಮರದೊಳಗಿಂದ ಅರಿಶಿನ ಬಣ್ಣ ಬಂತು. ಹಲಸಿನ ಮರವೇ ಹಾಗೆ. ಕಾಲುಗಳನ್ನು ಗಿಡ್ಡ ಮಾಡಿ, ನಡುವೆ ಅಡ್ಡಪಟ್ಟಿ ಕೊಟ್ಟು, ಮೇಲೆ ದಪ್ಪ ಹಲಗೆ ಕೂರಿಸಿದರು. ತಲೆದಿಂಬಿನ ಕಡೆಯ ಹೂವಿನ ಕೆತ್ತನೆಯನ್ನು ಮುಂಭಾಗಕ್ಕೆ ಜೋಡಿಸಿದ್ದು ಅವರದೇ ಯೋಚನೆ. ಕೂಲಿ, ವಾರ್ನಿಶ್ ಸೇರಿ 1,800 ರೂಪಾಯಿ.

ಬಿಸಿಲು ಬಿದ್ದರೆ ಪಾಚಿ ಹೆಚ್ಚುತ್ತದೆಂದು ಕಿಟಕಿಯಿಂದ ದೂರ, ಗೋಡೆಯ ಪಕ್ಕ ಇಟ್ಟೆವು. ಆಚಾರ್ರು ರಸಮಟ್ಟ ಹಿಡಿದು, ಒಂದು ಕಾಲಿನಡಿ ತೆಳು ಚಕ್ಕೆ ಕೊಟ್ಟರು. ಹಲಗೆ ಓರೆಯಾದರೆ ನೀರಿನ ಭಾರ ಒಂದೇ ಕಡೆ ಬಿದ್ದು ಗಾಜು ಸೀಳಬಹುದಂತೆ. ಸಣ್ಣ ಉಬ್ಬುತಗ್ಗು ಸರಿದೂಗಲೆಂದು ತೊಟ್ಟಿಯಡಿ ಥರ್ಮೋಕೋಲ್ ಹಾಸಿದೆವು. ವಾರ್ನಿಶ್ ವಾಸನೆ ಪೂರ್ತಿ ಹೋಗುವವರೆಗೆ ಮೀನು ಬೇಡವೆಂದೆ. ಮೊಮ್ಮಗ ದಿನಕ್ಕೆ ನಾಲ್ಕು ಸಲ ಮೂಸಿ ನೋಡುತ್ತಿದ್ದ.

ಈಗ ಆರು ಗಪ್ಪಿ ಮೀನುಗಳಿವೆ. ರಾತ್ರಿ ಊಟವಾದ ಮೇಲೆ ಮಗ ಕುರ್ಚಿ ಎಳೆದುಕೊಂಡು ಅಲ್ಲೇ ಕೂರುತ್ತಾನೆ. ಒಮ್ಮೊಮ್ಮೆ ಅವನ ಕೈ ಆ ಕೆತ್ತನೆಯ ಹೂವಿನ ಮೇಲಿರುತ್ತದೆ.