ಬಾರಕೂರಿನಿಂದ ಶಿರೂರಿಗೆ: ಕೆಲವು ಸುಂಕದ ಕಟ್ಟೆಗಳು

ಕಳೆದ ಮಾಘಮಾಸದಲ್ಲಿ ಬ್ರಹ್ಮಾವರದಿಂದ ಹೊರಟು ಶಿರೂರಿನವರೆಗೆ ಒಂದು ದಿನದ ಪ್ರಯಾಣವನ್ನು ಕೈಕೊಳ್ಳುವ ಪ್ರಸಂಗವು ನಮಗೆ ಒದಗಿತು. ದೂರವೇನೂ ಹೆಚ್ಚಿನದಲ್ಲ, ಹೆದ್ದಾರಿಯಲ್ಲಿ ನೆಟ್ಟಗೆ ಹೋದರೆ ಒಂದೂವರೆ ಗಂಟೆಯ ಹಾದಿ. ಆದರೆ ನಾವು ಹೊರಟದ್ದು ದೇವರ ದರ್ಶನಕ್ಕೂ ಅಲ್ಲ, ನೆಂಟರ ಮನೆಯ ಮಂಗಳಕಾರ್ಯಕ್ಕೂ ಅಲ್ಲ. ಈ ಸೀಮೆಯಲ್ಲಿ ಹಿಂದೆ ಎಲ್ಲೆಲ್ಲಿ ಸುಂಕವನ್ನು ಎತ್ತುತ್ತಿದ್ದರೋ ಆಯಾ ಸ್ಥಳಗಳನ್ನು ಒಮ್ಮೆ ಕಣ್ಣಾರೆ ನೋಡಿಬರಬೇಕೆಂಬ ಕುತೂಹಲವೊಂದೇ ಕಾರಣವಾಗಿತ್ತು. ಹಳೆಯ ಶಿಷ್ಯರೊಬ್ಬರು ತಮ್ಮ ಕಾರಿನಲ್ಲಿ ನಮ್ಮನ್ನು ಕರೆದುಕೊಂಡು ಹೋಗಲು ಒಪ್ಪಿದರು. ಗೇರುಬೀಜದ ವ್ಯಾಪಾರದಲ್ಲಿರುವ ಅವರಿಗೆ ತೆರಿಗೆಯ ವಿಷಯದಲ್ಲಿ ನಮಗಿಂತ ಹೆಚ್ಚಿನ ಪರಿಚಯವಿರುವುದೆಂದು ಬೇರೆ ಹೇಳಬೇಕಾಗಿಲ್ಲ.

ಈ ಕುತೂಹಲಕ್ಕೆ ಬೀಜ ಬಿದ್ದದ್ದು ವಿಲಾಯತಿಯ ವರ್ತಮಾನವೊಂದರಿಂದ. ಬ್ರಿಟನ್ನು ೨೦೨೦ನೆಯ ಜನವರಿ ೩೧ರಂದು ಯುರೋಪಿಯನ್ ಒಕ್ಕೂಟವನ್ನು ಬಿಟ್ಟು ಹೊರಬಂದ ಮೇಲೆ, ಅದರ ಸ್ವಂತ ಮನೆಯೊಳಗೇ ಒಂದು ಹೊಸ್ತಿಲು ಎದ್ದಿತಂತೆ. ಐರ್ಲೆಂಡಿನ ದ್ವೀಪದಲ್ಲಿ ದಕ್ಷಿಣದ ಭಾಗವು ಸ್ವತಂತ್ರ ದೇಶವಾಗಿ ಒಕ್ಕೂಟದಲ್ಲಿಯೇ ಉಳಿದಿದೆ. ಉತ್ತರದ ಭಾಗವು ಬ್ರಿಟನ್ನಿಗೆ ಸೇರಿದೆ. ಎರಡರ ನಡುವೆ ನೆಲದ ಮೇಲೆ ಬೇಲಿ ಹಾಕಿದರೆ ಹಳೆಯ ಕಲಹವು ಮರುಕಳಿಸೀತೆಂಬ ಭಯದಿಂದ ತಪಾಸಣೆಯನ್ನು ಸಮುದ್ರದ ದಾರಿಗೆ ತಳ್ಳಿದರು. ಹೀಗಾಗಿ ಇಂಗ್ಲೆಂಡಿನಿಂದ ಉತ್ತರ ಐರ್ಲೆಂಡಿಗೆ, ಎಂದರೆ ಒಂದೇ ರಾಜ್ಯದ ಒಂದು ಊರಿನಿಂದ ಇನ್ನೊಂದು ಊರಿಗೆ, ಸರಕನ್ನು ಒಯ್ಯುವವನು ಕಾಗದಪತ್ರಗಳನ್ನು ಒಪ್ಪಿಸಬೇಕಾಯಿತು. ೨೦೨೩ರ ಫೆಬ್ರವರಿಯಲ್ಲಿ ವಿಂಡ್ಸರ್ ಒಪ್ಪಂದವಾಗಿ, ಅದೇ ಅಕ್ಟೋಬರಿನಿಂದ ಎರಡು ದಾರಿಗಳು ಏರ್ಪಟ್ಟವು: ಉತ್ತರ ಐರ್ಲೆಂಡಿನಲ್ಲಿಯೇ ಉಳಿಯುವ ಸರಕಿಗೆ ಕಾಗದ ಕಡಿಮೆಯಾದ ಹಸಿರು ದಾರಿ, ಗಡಿ ದಾಟಿ ಹೋಗಬಹುದಾದ ಸರಕಿಗೆ ಪೂರ್ಣ ತಪಾಸಣೆಯ ಕೆಂಪು ದಾರಿ. ಇದನ್ನು ಓದಿದಾಗ ನಮಗೆ ನಮ್ಮದೇ ಕರಾವಳಿಯು ನೆನಪಿಗೆ ಬಂದಿತು.

ಮೊದಲು ಬಾರಕೂರಿಗೆ ಹೋದೆವು. ಆಳುಪರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಇಂದಿಗೂ ಉಳಿದಿರುವುವು. ಕತ್ತಲೆ ಬಸದಿಯ ಕಲ್ಲುಕಂಬಗಳ ನಡುವೆ ಬೆಳಗಿನ ಬಿಸಿಲು ಬಿದ್ದಿತ್ತು. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಬಲ್ಲಮಹಾದೇವಿಯೆಂಬ ರಾಣಿಯು ಇಲ್ಲಿಂದಲೇ ಆಳಿದಳು. ಸೀತಾನದಿಯ ಮೂಲಕ ಸಮುದ್ರಕ್ಕೆ ದಾರಿಯಿದ್ದುದರಿಂದ ದೂರದೇಶದ ವರ್ತಕರು ಇಲ್ಲಿಗೆ ಬರುತ್ತಿದ್ದರು. ಹದಿನಾಲ್ಕನೆಯ ಶತಮಾನದ ನಡುವೆ ಈ ಕರಾವಳಿಯಲ್ಲಿ ಪ್ರಯಾಣ ಮಾಡಿದ ಇಬ್ನ್ ಬತೂತನು 'ಫಾಕನೂರು' ಎಂದು ಕರೆದ ಪಟ್ಟಣವು ಇದೇ ಎಂದು ವಿದ್ವಾಂಸರು ಗುರುತಿಸಿರುವರು. ಅಲ್ಲಿ ಕಬ್ಬು ವಿಶೇಷವೆಂದು ಅವನು ಬರೆದಿದ್ದಾನೆ. ಅದಕ್ಕಿಂತ ಸ್ವಾರಸ್ಯವಾದದ್ದು ಬಂದರಿನ ಹಕ್ಕೆಂಬುದರ ವರ್ಣನೆ. ಊರಿನ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆಯನ್ನು ಸಲ್ಲಿಸಲೇಬೇಕು. ಸಲ್ಲಿಸದೆ ಹೊರಟರೆ ಅರಸನ ಹಡಗುಗಳು ಬೆನ್ನಟ್ಟಿ ಹಿಡಿದು ಬಂದರಿಗೆ ಎಳೆತಂದು ಸುಂಕವನ್ನು ಇಮ್ಮಡಿ ಮಾಡುತ್ತಿದ್ದವು. ವ್ಯಾಪಾರಕ್ಕೆಂದು ಬಾರದೆ ಸುಮ್ಮನೆ ದಾಟುವವನೂ ಕೊಡಬೇಕಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಇಮ್ಮಡಿಯ ಮಾತು ಬಂದಾಗ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬಿಡುವುದು ನಮ್ಮಂಥವರಿಗೆ ಸಾಧ್ಯವಿಲ್ಲ. ಅದರ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವೇ ಒಂದಿದೆ. ಪುರದ್ವಾರದ ಬಳಿಯಲ್ಲಿ ಶುಲ್ಕಶಾಲೆ, ಅದಕ್ಕೊಂದು ಧ್ವಜ. ನಾಲ್ಕೈದು ಜನ ಅಧಿಕಾರಿಗಳು ಕುಳಿತು ಬಂದ ವರ್ತಕನು ಯಾರು, ಎಲ್ಲಿಯವನು, ಸರಕೆಷ್ಟು, ಮುದ್ರೆ ಎಲ್ಲಿ ಬಿದ್ದಿತು ಎಂಬುದನ್ನು ಬರೆದುಕೊಳ್ಳಬೇಕು. ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ, ಕಳ್ಳಮುದ್ರೆಗೆ ಎಂಟುಮಡಿ ದಂಡ. ಮದುವೆ, ಯಜ್ಞ, ದೇವಪೂಜೆ, ಬಾಣಂತನ, ಉಪನಯನ ಮೊದಲಾದವುಗಳಿಗಾಗಿ ಒಯ್ಯುವ ವಸ್ತುವಿಗೆ ಸುಂಕವೇ ಇಲ್ಲ. ಇಷ್ಟಕ್ಕೆ ಮುಗಿಯಲಿಲ್ಲ. ಗಡಿಯನ್ನು ಕಾಯುವ ಅಂತಪಾಲನು ದಾರಿಯ ತೆರಿಗೆಯನ್ನು ತೆಗೆದುಕೊಂಡ ಮೇಲೆ, ದಾರಿಯಲ್ಲಿ ವರ್ತಕನ ಸರಕು ಕಳೆದುಹೋದರೆ ಅಥವಾ ಕಳುವಾದರೆ ಅದನ್ನು ಅವನೇ ತುಂಬಿಕೊಡಬೇಕು! ಈ ಕೊನೆಯ ವಿಧಿಯನ್ನು ಹೇಳಿದಾಗ ನಮ್ಮ ಶಿಷ್ಯರು ಕಾರನ್ನು ನಿಧಾನಮಾಡಿ, "ಅದನ್ ಈಗ್ಲೂ ಜಾರಿಗ್ ತರ್ಕ್ ಮಾಷ್ಟ್ರೇ" ಎಂದರು.

ಅವರು ನಿಧಾನಮಾಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸಾಸ್ತಾನದ ಬಳಿ ಹೆದ್ದಾರಿಯಲ್ಲಿ ಟೋಲ್ ಗೇಟು ಇರುವುದಷ್ಟೆ. ಸ್ಥಳೀಯರ ವಾಹನಗಳಿಗೆ ವಿನಾಯಿತಿ ಬೇಕೆಂದು ಜನರು ಅಲ್ಲಿ ಪ್ರತಿಭಟಿಸಿದ್ದೂ ಉಂಟು. ಬಾರಕೂರಿನಿಂದ ಒಳದಾರಿಯಲ್ಲಿ ಹೋದರೆ ಗೇಟಿನ ಗೊಡವೆಯಿಲ್ಲದೆ ಕೋಟದ ಕಡೆಗೆ ಸೇರಬಹುದೆಂದು ನಮ್ಮ ಶಿಷ್ಯರು ಉತ್ಸಾಹಪಟ್ಟರು. ತೋಟ, ಗದ್ದೆ, ಗೇರುಹಾಡಿಗಳ ನಡುವೆ ಎರಡು ಕಡೆ ತಿರುವು ತಪ್ಪಿ, ಮುಕ್ಕಾಲು ಗಂಟೆ ಸುತ್ತಿ ಹೆದ್ದಾರಿಗೆ ಬಂದು ನೋಡಿದರೆ ಕಣ್ಣೆದುರಿಗೇ ಗೇಟು! ಸಂಸ್ಕೃತದಲ್ಲಿ ಘಟ್ಟಕುಟೀಪ್ರಭಾತನ್ಯಾಯವೆಂಬುದೊಂದಿದೆ. ಸುಂಕವನ್ನು ತಪ್ಪಿಸಿಕೊಳ್ಳಲೆಂದು ರಾತ್ರಿಯೆಲ್ಲ ಅಡ್ಡದಾರಿ ಹಿಡಿದು ಅಲೆದ ವರ್ತಕನಿಗೆ ಬೆಳಗಾದದ್ದು ಸುಂಕದ ಗುಡಿಸಿಲಿನ ಮುಂದೆಯೇ. ಮೂವತ್ತು ವರ್ಷ ಈ ನ್ಯಾಯವನ್ನು ಪಾಠ ಹೇಳಿದ್ದ ನಮಗೆ ಅದರ ಉದಾಹರಣೆಯು ಅಂದು ದೊರೆಯಿತು. ಗಾಜಿನ ಮೇಲಿನ ಫಾಸ್ಟ್‌ಟ್ಯಾಗಿನಿಂದ ಹಣವು ತಾನಾಗಿ ಕತ್ತರಿಸಿಹೋಯಿತು. ಸುಖದುಃಖ ಹೇಳಿಕೊಳ್ಳೋಣವೆಂದರೆ ಎದುರಿಗೆ ಸುಂಕದವನೂ ಇರಲಿಲ್ಲ.

ಕುಂದಾಪುರದಿಂದ ಮೂಡಲಿಗೆ ವಾರಾಹಿಯ ದಡದಲ್ಲಿರುವ ಬಸರೂರು ಈಗ ಶಾಂತವಾದ ಊರು. ದೇವಸ್ಥಾನಗಳು, ಕೆರೆಗಳು, ಹಳೆಯ ಬೀದಿಗಳು. ಪೋರ್ಚುಗೀಸರು 'ಬಾರ್ಸೆಲೋರ್' ಎಂದು ಕರೆದು ಹದಿನಾರನೆಯ ಶತಮಾನದಲ್ಲಿ ಕೈಹಾಕಿದ್ದು ಇದರ ಅಕ್ಕಿಯ ವ್ಯಾಪಾರಕ್ಕೆ. ಅವರ 'ಕಾರ್ತಾಜ್' ಎಂಬ ರಹದಾರಿಯಿಲ್ಲದೆ ಸಮುದ್ರಕ್ಕಿಳಿದ ಹಡಗು ಸೂರೆಯಾಗುತ್ತಿತ್ತು. ಸಮುದ್ರಕ್ಕೆ ಯಾರು ಒಡೆಯರು ಎಂದು ಕೇಳುವ ಸಾಮರ್ಥ್ಯವು ಯಾರಿಗೂ ಇರಲಿಲ್ಲವೆಂದಲ್ಲ. ಕೆಳದಿಯ ಶಿವಪ್ಪನಾಯಕನು ೧೬೫೦ರ ದಶಕದಲ್ಲಿ ಅವರನ್ನು ಈ ತೀರದ ಕೋಟೆಗಳಿಂದ ಹೊರಗಟ್ಟಿದನು. ೧೬೬೫ರ ಫೆಬ್ರವರಿಯಲ್ಲಿ ಶಿವಾಜಿಯು ಹಡಗುಗಳೊಡನೆ ಬಂದು ಇದನ್ನು ಸೂರೆಮಾಡಿದನೆಂದರೆ ಊರಿನಲ್ಲಿ ಎಷ್ಟು ದ್ರವ್ಯವಿತ್ತೆಂಬುದನ್ನು ಊಹಿಸಬಹುದು. ಹೊಸಂಗಡಿಯ ಘಟ್ಟವನ್ನೇರಿದರೆ ಬಿದನೂರು. ಮೇಲಿನಿಂದ ಮೆಣಸು ಅಡಿಕೆಗಳು ಇಳಿದು ಬರುವುದು, ಕೆಳಗಿನಿಂದ ಉಪ್ಪು ತೆಂಗಿನಕಾಯಿಗಳು ಹೇರಾಗಿ ಏರುವುದು. ಘಟ್ಟ, ಹೊಳೆ, ಅಳಿವೆಗಳಲ್ಲೆಲ್ಲ ಸುಂಕ. ಕಂಪೆನಿಯ ಸರಕಾರವು ಒಳನಾಡಿನ ಈ ಸುಂಕಗಳನ್ನು ಬಂಗಾಳದಲ್ಲಿ ೧೮೩೬ರಲ್ಲಿಯೂ ಮದರಾಸು ಆಧಿಪತ್ಯದಲ್ಲಿ ೧೮೪೪ರಲ್ಲಿಯೂ ತೆಗೆದುಹಾಕಿತು. ಪರದೇಶದ ಸರಕು ಒಳನಾಡಿಗೆ ಸಲೀಸಾಗಿ ನುಗ್ಗಲೆಂಬ ಆಸೆಯೂ ಆ ಔದಾರ್ಯದಲ್ಲಿ ಬೆರೆತಿತ್ತೆಂಬುದು ನಮ್ಮ ಅಭಿಪ್ರಾಯ.

ಕುಂದಾಪುರದ ಮಧ್ಯಾಹ್ನದ ಊಟವಾದ ತರುವಾಯ, ಪಂಚಗಂಗಾವಳಿಯ ಸೇತುವೆಗಳನ್ನು ದಾಟಿ, ಗಂಗೊಳ್ಳಿಯ ಬಂದರಿನಲ್ಲಿ ಸ್ವಲ್ಪಹೊತ್ತು ನಿಂತೆವು. ಅಲ್ಲಿ ಹಿಂದೆ ಮೀನಿನ ಲಾರಿಯನ್ನು ಓಡಿಸುತ್ತಿದ್ದ ವೃದ್ಧರೊಬ್ಬರು ಮಾತಿಗೆ ಸಿಕ್ಕಿದರು. ಬೇರೆ ರಾಜ್ಯದ ಗಡಿಯ ಚೆಕ್‌ಪೋಸ್ಟುಗಳ ಅನುಭವವನ್ನು ಕೇಳಿದೆವು. "ರಾತ್ರಿ ಇಡೀ ಸಾಲಂಗೆ ನಿಲ್ಕಿತ್ತ್ ಮಾಷ್ಟ್ರೇ. ಮೀನಿಗ್ ಹಾಕಿದ್ ಐಸ್ ಕರ್ಗಿ ರೋಡಿಗ್ ಹರೂದ್ ಕಾಣ್ತಾ ಕೂಕಂಬುದ್" ಎಂದರು. ಯಾವ ಠಾಣೆಯೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

೨೦೧೭ನೆಯ ಜುಲೈ ೧ರಿಂದ ಜಿ.ಎಸ್.ಟಿ. ಬಂದ ಮೇಲೆ ಆ ತೆರಿಗೆಯ ಠಾಣೆಗಳು ತೆರವಾದವು. ೨೦೧೮ರ ಏಪ್ರಿಲ್ ೧ರಿಂದ ಐವತ್ತು ಸಾವಿರ ರೂಪಾಯಿಗೆ ಮೀರಿದ ಸರಕಿಗೆ ಇ-ವೇ ಬಿಲ್ಲು ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಾಣಿಕೆಗೂ ಅದನ್ನು ಮೊದಲು ಜಾರಿಗೊಳಿಸಿದ್ದು ಕರ್ನಾಟಕವೇ. ಕೌಟಿಲ್ಯನ ಮುದ್ರೆಯು ಹೀಗೆ ದೂರವಾಣಿಯೊಳಗೆ ಹೊಕ್ಕಿತು. ಬಿಲ್ಲಿನಲ್ಲಿ ವಾಹನದ ಸಂಖ್ಯೆಯ ಒಂದು ಅಂಕಿ ತಪ್ಪಿದರೂ ಸಂಚಾರಿ ಅಧಿಕಾರಿಗಳ ಕೈಗೆ ಸಿಕ್ಕಿದ ದಿನ ಹಳೆಯ ಸುಂಕದ ಕಟ್ಟೆಯೇ ವಾಸಿಯೆನ್ನಿಸುವುದೆಂದು ನಮ್ಮ ಶಿಷ್ಯರ ಅಭಿಪ್ರಾಯ.

ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕೆ, ನಡುವೆ ದಾರಿ. ಇದನ್ನು ಎಷ್ಟು ಸಲ ನೋಡಿದರೂ ತೃಪ್ತಿಯಿಲ್ಲ. ಅಲ್ಲಿಂದ ಬೈಂದೂರು ದಾಟಿ ಒತ್ತಿನೆಣೆಯ ಗುಡ್ಡದ ಮೇಲೆ ಕುಳಿತು ಚಹ ಕುಡಿಯುತ್ತ ನಮ್ಮ ನಡುವೆ ಒಂದು ಚರ್ಚೆ ನಡೆಯಿತು. ಸುಂಕವನ್ನು ಎತ್ತುವವರ ಮೇಲೆ ಕಣ್ಣಿಡುವವರು ಯಾರು? ವಿಲಾಯತಿಯಲ್ಲಿ ೨೦೨೦ರ ಡಿಸೆಂಬರಿನಲ್ಲಿ ಆಂತರಿಕ ಮಾರುಕಟ್ಟೆಯ ಕಾಯಿದೆಯಾಯಿತು. ಒಂದು ಪ್ರಾಂತದಲ್ಲಿ ನ್ಯಾಯವಾಗಿ ಮಾರಬಹುದಾದ ವಸ್ತುವನ್ನು ಉಳಿದ ಪ್ರಾಂತಗಳಲ್ಲಿಯೂ ಮಾರಲು ಬಿಡಬೇಕೆಂಬುದು ಅದರ ತಿರುಳು. ಅದು ಹೇಗೆ ನಡೆಯುತ್ತಿದೆಯೆಂದು ವರದಿ ಮಾಡಲು ೨೦೨೧ರಲ್ಲಿ ಒಂದು ಕಚೇರಿಯನ್ನೂ ತೆರೆದರು. ಆ ಕಚೇರಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ, ಸಲಹೆ ಕೊಡುವುದಷ್ಟೆ. ಸ್ಕಾಟ್ಲೆಂಡಿನವರು ಖಾಲಿ ಬಾಟಲಿಗಳನ್ನು ಹಿಂದಿರುಗಿಸುವ ಯೋಜನೆಯನ್ನು ಮಾಡಹೊರಟು, ಗಾಜಿನ ಬಾಟಲಿಯನ್ನು ಸೇರಿಸಲು ಲಂಡನ್ನಿನ ಸರಕಾರವು ೨೦೨೩ರಲ್ಲಿ ಒಪ್ಪದೆ, ಯೋಜನೆಯೇ ಮುಂದಕ್ಕೆ ಹೋಯಿತು.

ನಮ್ಮ ಸಂವಿಧಾನದ ೩೦೧ನೆಯ ಅನುಚ್ಛೇದವು ಭಾರತದ ಎಲ್ಲೆಡೆ ವ್ಯಾಪಾರ, ವಾಣಿಜ್ಯ, ಸಂಚಾರಸಂಪರ್ಕಗಳು ಮುಕ್ತವಾಗಿರತಕ್ಕದ್ದೆಂದು ಹೇಳುವುದು. ಅದನ್ನು ನೋಡಿಕೊಳ್ಳಲು ಪಾರ್ಲಿಮೆಂಟು ಒಂದು ಪ್ರಾಧಿಕಾರವನ್ನು ನೇಮಿಸಬಹುದೆಂದು ೩೦೭ನೆಯದು ಹೇಳುವುದು. ೧೯೮೮ರಲ್ಲಿ ಸರ್ಕಾರಿಯಾ ಆಯೋಗವೂ ೨೦೧೦ರಲ್ಲಿ ಪುಂಛಿ ಆಯೋಗವೂ ಇಂಥದೊಂದು ಬೇಕೆಂದು ಹೇಳಿದವು. ಇನ್ನೂ ಆಗಿಲ್ಲ. ಜಿ.ಎಸ್.ಟಿ. ಮಂಡಳಿಯಲ್ಲಿ ಎಲ್ಲ ರಾಜ್ಯಗಳ ಮಂತ್ರಿಗಳೂ ಕುಳಿತು ತೆರಿಗೆಯ ದರವನ್ನು ಮಾತಾಡುವುದು ನಿಜ. ಆದರೆ ಗಡಿಯಲ್ಲಿ ದಾರಿ ಮುಚ್ಚಿದ ದಿನ ದೂರು ಹೇಳಲು ಹೋಗಬೇಕಾದ ಬಾಗಿಲು ಅದಲ್ಲ.

ಸಂಜೆಗೆ ಶಿರೂರನ್ನು ಮುಟ್ಟಿದೆವು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸಿ ಕುಂದಾಪುರವನ್ನು ಮದರಾಸಿನಲ್ಲಿ ಉಳಿಸಿದಾಗ ಈ ಹಳ್ಳಿಯು ಎರಡು ಆಧಿಪತ್ಯಗಳ ಗಡಿಯಾಯಿತು. ಆಚೆ ಭಟ್ಕಳದಲ್ಲಿಯೂ ಅದೇ ಭಾಷೆ, ಅದೇ ಕುಚ್ಚಲಕ್ಕಿ. ಆದರೆ ಮದರಾಸಿನ ಮಾರಾಟತೆರಿಗೆಯ ಕಾಯಿದೆ ೧೯೩೯ರದು, ಮುಂಬಯಿಯದು ೧೯೪೬ರದು. ೧೯೫೬ರ ನವೆಂಬರ್ ೧ರಂದು ರಾಜ್ಯವು ಒಂದಾಗಿ ಆ ಗಡಿಯು ಬರಿಯ ಜಿಲ್ಲೆಯ ಗಡಿಯಾಗಿ ಉಳಿಯಿತು. ಈಗ ಇಲ್ಲಿಯೂ ಒಂದು ಟೋಲ್ ಗೇಟು ಇದೆ.

೨೦೨೦ರಲ್ಲಿ ಮಾತ್ರ ಅದು ಮತ್ತೆ ಗಡಿಯಾಯಿತು. ಆ ವರ್ಷದ ಮಾರ್ಚಿಯಲ್ಲಿ ಸಾಂಕ್ರಾಮಿಕದ ಭೀತಿಯಿಂದ ಕಾಸರಗೋಡಿನ ದಾರಿಗಳಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ತಡೆದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಆಚೆಯ ಕನ್ನಡಿಗರೂ ಮಲಯಾಳಿಗಳೂ ಒಂದೇ ಸಮನೆ ಕಷ್ಟಪಟ್ಟರು, ವಿಷಯವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೇ ತಿಂಗಳಿನಲ್ಲಿ ಶಿರೂರಿನ ಸರದಿ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಈ ಸೀಮೆಯ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಮರಳಿದರು. ಅವರನ್ನು ತಡೆದು, ಹೆಸರು ಬರೆದುಕೊಂಡು, ಶಾಲೆ ವಿದ್ಯಾರ್ಥಿನಿಲಯಗಳಲ್ಲಿ ಪ್ರತ್ಯೇಕವಾಗಿ ಇರಿಸಿದರು. ರೋಗವನ್ನು ತಡೆಯಬೇಕಾದದ್ದು ಸರಿ. ಅಲ್ಲಿ ಹಗಲಿರುಳು ನಿಂತ ನೌಕರರ ಶ್ರಮವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮ ಶಿಷ್ಯರ ಅಣ್ಣಂದಿರೂ ಆ ಸಾಲಿನಲ್ಲಿದ್ದರೆಂಬುದು ನಮಗೆ ತಿಳಿದದ್ದು ಅಂದೇ. ತಂದೆಯವರ ಉತ್ತರಕ್ರಿಯೆಗೆಂದು ಹೊರಟು ಬಂದವರು, ಮನೆಯಿಂದ ಒಂಬತ್ತು ಮೈಲಿ ದೂರದ ಶಾಲೆಯಲ್ಲಿ ಕುಳಿತು, ಹದಿಮೂರನೆಯ ದಿನದ ಮಂತ್ರಗಳನ್ನು ದೂರವಾಣಿಯಲ್ಲಿ ಕೇಳಿದರಂತೆ.

"ಯಾರತ್ರ ಹೇಳುದ್ ಮಾಷ್ಟ್ರೇ?" ಎಂದರು ನಮ್ಮ ಶಿಷ್ಯರು. ನಾವು ಉತ್ತರ ಕೊಡಲಿಲ್ಲ. ಭಟ್ಕಳದ ಕಡೆಯಿಂದ ಮೀನಿನ ಲಾರಿಯೊಂದು ಬಂದು, ಗೇಟಿನಲ್ಲಿ ಕ್ಷಣಕಾಲ ನಿಂತು, ಬೈಂದೂರಿನತ್ತ ಹೊರಟುಹೋಯಿತು. ಕತ್ತಲಾಗುತ್ತ ಬಂದಿತ್ತು. ಕಾರನ್ನು ತಿರುಗಿಸಿದೆವು.